ಕರೆಂಟ್ ಹೋದಾಗ ತೊಗರಿ ಬಿಲ್ ಉಳಿತಾವೇನ್ರಿ?

ಪ್ರಶ್ನೆ: ಕಲಬುರಗಿ ಗಂಜಿನ ಅಡತಿ ಅಂಗಡಿ, ಪೋಸ್ಟ್‌ಗ್ರೆಸ್ ಡೇಟಾಬೇಸ್. ಕರೆಂಟ್ ಹೋಗಿ ಬಂದ ಮ್ಯಾಲೆ ಚಾಲೂ ಆಗ್ಲಿಕ್ಕೆ 2 ನಿಮಿಷ ಹಿಡಿತದ. ಪಿಜಿ_ವಾಲ್ ಫೋಲ್ಡರ್ ಭಾಳ ದೊಡ್ಡದಾಗ್ಯದ, ಅಳಿಸಿದ್ರ ನಡಿತದೇನ್ರಿ?

ಉತ್ತರ: ಬ್ಯಾಡ್ರಿ, ಒಂದು ಫೈಲೂ ಮುಟ್ಟಬ್ಯಾಡ್ರಿ! ಕಮಿಟ್ ಆದ (ಪಕ್ಕಾ ಉಳಿಸಿದ) ಬಿಲ್ ಮೊದಲು ಡಿಸ್ಕಿಗೆ ಬೀಳೋದೇ ಆ ಫೋಲ್ಡರಿನ 16 ಎಂಬಿ ಲಾಗ್ (ಬದಲಾವಣೆಗಳ ದಾಖಲೆ) ಫೈಲಿನಾಗ, ಟೇಬಲ್ ಫೈಲಿಗೆ ಆಮ್ಯಾಲೆ. ಆ 2 ನಿಮಿಷದಾಗ ಡೇಟಾಬೇಸ್ ಕಡೇ ಚೆಕ್‌ಪಾಯಿಂಟಿನಿಂದ (ಅಲ್ಲಿ ತನಕದ್ದು ಟೇಬಲ್ ಫೈಲಿಗೆ ಬರೆದಾಗ್ಯದ ಅನ್ನೋ ಗುರುತು) ಲಾಗ್ ಓದಿ ಟೇಬಲ್ ಸರಿ ಮಾಡ್ಕೋತದ. ಕಮಿಟ್ ಆಗದೆ ನಡುವೆ ನಿಂತ ಬಿಲ್ ಯಾರಿಗೂ ಕಾಣಂಗಿಲ್ಲ.

ಇನ್ನೊಬ್ಬರು: ಎಫ್‌ಸಿಂಕ್ (ಬರೆದದ್ದನ್ನ ಖರೇನ ಡಿಸ್ಕಿಗೆ ಇಳಿಸೋ ಸೆಟ್ಟಿಂಗ್) ಆಫ್ ಇದ್ದರ ಈ ಭರವಸೆ ಇಲ್ಲ. ಸಿಂಕ್ರೊನಸ್ ಕಮಿಟ್ (ಲಾಗ್ ಡಿಸ್ಕಿಗೆ ಬಿದ್ದ ಮ್ಯಾಲೇ ಕಮಿಟ್ ಆತಂತ ಹೇಳೋ ಸೆಟ್ಟಿಂಗ್) ಆಫ್ ಮಾಡಿದ್ರ ಕಡೇ ಒಂದೆರಡು ಬಿಲ್ ಹೋಗಬಹುದು, ಡೇಟಾಬೇಸ್ ಕೆಡಂಗಿಲ್ಲ. ರೊಕ್ಕದ ಲೆಕ್ಕಕ್ಕ ನಾ ಅದನ್ನೂ ಒಪ್ಪಂಗಿಲ್ಲ.

ಮತ್ತೊಬ್ಬರು: ಫೋಲ್ಡರ್ ಬೆಳೆಯೋದು ಹೆಚ್ಚಾಗಿ ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟಿನಿಂದ (ಇನ್ನೊಂದು ಸರ್ವರ್ ಓದೋ ತನಕ ಲಾಗ್ ಹಿಡಿದಿಡೋದು), ಇಲ್ಲಾ ಫೇಲಾಗೋ ಆರ್ಕೈವ್ ಕಮಾಂಡಿನಿಂದ (ಲಾಗ್ ಫೈಲನ್ನ ಬೇರೆ ಕಡೆ ನಕಲು ಮಾಡಿಡೋದು). ಅದನ್ನ ಸರಿ ಮಾಡ್ರಿ, ಮುಂದಿನ ಚೆಕ್‌ಪಾಯಿಂಟಿಗೆ ತಾನೇ ಇಳಿತದ.