ಗಂಡು ಮುರುಗೋಡು ಮೀನಿನಿಂದ ಹಾಲು (ವೀರ್ಯ) ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ತೊಟ್ಟಿಯಲ್ಲಿ ನಾಟಿ ಮುರುಗೋಡು ಸಾಕಿದ್ದೇನೆ. ಮಳೆ ಶುರುವಾಗಿದೆ, ಹೆಣ್ಣುಗಳ ಹೊಟ್ಟೆ ಉಬ್ಬಿದೆ. ಆದರೆ ಗಂಡನ್ನು ಎಷ್ಟು ಒತ್ತಿದರೂ ಹಾಲು ಬರುತ್ತಿಲ್ಲ. ಕಟ್ಲಾ, ರೋಹುಗೆ ಬರುತ್ತದಲ್ವಾ?

ಉತ್ತರ 1: ದಯವಿಟ್ಟು ಒತ್ತಬೇಡಿ. ಮುರುಗೋಡಿಗೆ ಹಾಗೆ ಬರುವುದಿಲ್ಲ. ಗಂಡಿನ ಹೊಟ್ಟೆ ಕೊಯ್ದು, ವೃಷಣ ತೆಗೆದು, 0.9% ಉಪ್ಪು ನೀರಿನಲ್ಲಿ ಅರೆದು ಮೊಟ್ಟೆಗೆ ಬೆರೆಸಬೇಕು. ಮೀನು ಸಾಯುತ್ತದೆ. ಈ ಕೆಲಸದಲ್ಲಿ ನನಗೆ ಜಾಸ್ತಿ ಬೇಸರ ತರುವುದು ಇದೇ. ಅದಕ್ಕೇ ಹೆಣ್ಣಿನ ಮೊಟ್ಟೆ ಸರಾಗವಾಗಿ ಇಳಿಯುವುದನ್ನು ನೋಡುವ ತನಕ ನಾನು ಗಂಡಿಗೆ ಕತ್ತಿ ಹಾಕುವುದಿಲ್ಲ. ಹೆಣ್ಣಿಗೆ ಓವಾಪ್ರಿಮ್ ಥರದ, ಮೊಟ್ಟೆ ಇಳಿಸುವ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಸುಮಾರು 16-17 ಗಂಟೆ ಕಾಯಿರಿ. ಆತುರ ಮಾಡಿದರೆ ಮೊಟ್ಟೆಯೂ ಹಾಳು, ಗಂಡೂ ಸುಮ್ನೆ ಸತ್ತಂತೆ.

ಉತ್ತರ 2: ಮೀನು ನಾಟಿಯದೇನಾ? ಆಫ್ರಿಕನ್ ಮುರುಗೋಡು ಸಾಕುವುದಕ್ಕೆ ನಿಷೇಧವಿದೆ. ತಲೆಯ ಮೂಳೆಯ ಹಿಂದಿನ ಅಂಚು ನಾಟಿಯಲ್ಲಿ ‘ವಿ’ ಆಕಾರ, ಆಫ್ರಿಕನ್‌ನಲ್ಲಿ ‘ಡಬ್ಲ್ಯೂ’.

ಪ್ರಶ್ನೆ ಕೇಳಿದವರು: ‘ವಿ’ ಆಕಾರವೇ ಇದೆ. ಮರಿಗಳಿಗೆ ಏನು ಕೊಡಲಿ?

ಉತ್ತರ 1: ಮೊದಲ ಮೂರ್ನಾಲ್ಕು ದಿನ ಏನೂ ಬೇಡ. ಹೊಟ್ಟೆಯ ಹಳದಿ ಚೀಲವೇ ಸಾಕು. ಆಮೇಲೆ ಆರ್ಟೀಮಿಯಾ (ಸೀಗಡಿ ಜಾತಿಯ ಪುಟ್ಟ ಜೀವಿ), ಇಲ್ಲವೇ ಕೊಳದ ಸಣ್ಣ ಜೀವಿಗಳನ್ನು ಸೋಸಿ ಕೊಡಿ. ಬೆಳೆದಂತೆ ದೊಡ್ಡ ಮರಿಗಳನ್ನು ಬೇರೆ ಮಾಡಿ, ಇಲ್ಲದಿದ್ದರೆ ಚಿಕ್ಕವನ್ನು ತಿಂದುಬಿಡುತ್ತವೆ.