ಲಾಗಿನ್ ಹಿಂದಿರುವ ಕಡತಗಳನ್ನು ಎಐ ಏಜೆಂಟ್ ಮೂಲಕ ಇಳಿಸಿಕೊಳ್ಳಲು ಪಾಸ್‌ವರ್ಡ್ ಕೊಡಲೇಬೇಕೇ?

ಬದಿಯಡ್ಕದ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಪೇಟೆಯ ಕೆಲವು ಅಡಿಕೆ ವ್ಯಾಪಾರಿಗಳ ಮತ್ತು ಎರಡು ಸಣ್ಣ ಸಂಘಗಳ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳ 14ರಂದು ಜಿಎಸ್‌ಟಿಆರ್-2ಬಿ (ಖರೀದಿಯ ಮೇಲೆ ಸಿಗುವ ತೆರಿಗೆ ಜಮೆಯ ಪಟ್ಟಿ) ಸಿದ್ಧವಾದ ಮೇಲೆ ಒಬ್ಬೊಬ್ಬರ ಖಾತೆಗೂ ಬೇರೆ ಬೇರೆಯಾಗಿ ಲಾಗಿನ್ ಆಗಿ, ಅದನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಇಳಿಸಿಕೊಂಡು, ಖರೀದಿ ಪುಸ್ತಕದೊಂದಿಗೆ ತಾಳೆ ನೋಡುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ತಾಳೆ ನೋಡುವಲ್ಲಿ ಎಐ ಏಜೆಂಟ್ (ಹೇಳಿದ ಕೆಲಸವನ್ನು ಕಂಪ್ಯೂಟರಿನಲ್ಲಿ ತಾನೇ ಮಾಡುವ ಎಐ) ಚೆನ್ನಾಗಿ ನೆರವಾಗುತ್ತಿದೆ; ಕಡತ ತರುವಲ್ಲಿ ಮಾತ್ರ ಎಡವುತ್ತಿದೆ.

ಕಳೆದ ತಿಂಗಳು ಒಂದು ಬ್ಯಾಂಕಿನ ಡೌನ್‌ಲೋಡ್ ಕೊಂಡಿಯನ್ನು ನಕಲು ಮಾಡಿ ಕೊಟ್ಟಾಗ, ಸ್ಟೇಟ್‌ಮೆಂಟ್ ಸಿಕ್ಕಿತೆಂದು ಅದು ವರದಿ ಮಾಡಿತು. ಪಿಡಿಎಫ್ ತೆರೆಯಲಿಲ್ಲ. ನೋಟ್‌ಪ್ಯಾಡಿನಲ್ಲಿ ನೋಡಿದರೆ, ಒಳಗಿದ್ದದ್ದು ಬ್ಯಾಂಕಿನ ಲಾಗಿನ್ ಪುಟದ ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ಮೂಲ ಬರಹ. ನನ್ನನ್ನು ನಂಬಿ ಲೆಕ್ಕ ಒಪ್ಪಿಸಿದವರ ಪಾಸ್‌ವರ್ಡನ್ನು ಏಜೆಂಟಿನ ಮಾತುಕತೆಯೊಳಗೆ ಬರೆದುಕೊಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಮಂಜೇಶ್ವರದ ಪ್ರೋಗ್ರಾಮರ್

ಲೆಕ್ಕಿಗರೇ, ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ.

ನೀವು ಲಾಗಿನ್ ಆದಾಗ ಆ ಸೈಟು ನಿಮ್ಮ ಬ್ರೌಸರಿಗೆ ಕುಕೀ ಎಂಬ ಗುರುತುಚೀಟಿಯನ್ನು ಕೊಡುತ್ತದೆ, ಮುಂದಿನ ಪ್ರತಿಯೊಂದು ಕೋರಿಕೆಯ ಜೊತೆಗೂ ಆ ಚೀಟಿ ಹೋಗುತ್ತದೆ. ನೀವು ನಕಲು ಮಾಡಿದ್ದು ಕೊಂಡಿಯನ್ನು ಮಾತ್ರ. ಚೀಟಿ ನಿಮ್ಮ ಬ್ರೌಸರಿನಲ್ಲಿಯೇ ಉಳಿಯಿತು. ಆದ್ದರಿಂದ ಸರ್ವರ್ ಲಾಗಿನ್ ಪುಟವನ್ನು ಕಳುಹಿಸಿತು, ಏಜೆಂಟ್ ಅದನ್ನೇ ಪಿಡಿಎಫ್ ಎಂಬ ಹೆಸರಿನಲ್ಲಿ ಉಳಿಸಿತು.

ಲಾಗಿನ್, ಕ್ಯಾಪ್ಚಾ, ಒಟಿಪಿ ಇವಿಷ್ಟನ್ನೂ ನೀವೇ ಮಾಡಿ, ತೆರೆದಿರುವ ಅದೇ ಬ್ರೌಸರಿಗೆ ಏಜೆಂಟಿನ ಉಪಕರಣವನ್ನು ಜೋಡಿಸುವುದು ನಾನು ಅನುಸರಿಸುವ ಕ್ರಮ. ಪ್ರೋಗ್ರಾಂ ಮೂಲಕ ಬ್ರೌಸರನ್ನು ನಡೆಸುವ, ಮೈಕ್ರೋಸಾಫ್ಟಿನ ಪ್ಲೇರೈಟ್ ಎಂಬ ತಂತ್ರಾಂಶದಿಂದ ಇದು ಸಾಧ್ಯ. ಕ್ರೋಮನ್ನು 9222ನೇ ಪೋರ್ಟಿನಲ್ಲಿ ಡಿಬಗ್ಗಿಂಗ್ ವ್ಯವಸ್ಥೆಯೊಂದಿಗೆ (ಬೇರೆ ಪ್ರೋಗ್ರಾಂ ಬ್ರೌಸರಿಗೆ ಜೋಡಿಕೊಳ್ಳುವ ಬಾಗಿಲು) ತೆರೆಯಬೇಕು, ಆದರೆ 2025ರ 136ನೇ ಆವೃತ್ತಿಯಿಂದ ಈಚೆಗೆ ನಿಮ್ಮ ದಿನಬಳಕೆಯ ಪ್ರೊಫೈಲಿಗೆ (ಲಾಗಿನ್, ಕುಕೀಗಳನ್ನು ಬ್ರೌಸರ್ ಇಟ್ಟುಕೊಳ್ಳುವ ಫೋಲ್ಡರ್) ಇದು ಅನ್ವಯವಾಗುವುದಿಲ್ಲ. ಪ್ರತ್ಯೇಕ ಫೋಲ್ಡರಿನಲ್ಲಿ ಹೊಸ ಪ್ರೊಫೈಲನ್ನು ಮಾಡಿಕೊಳ್ಳಬೇಕಾಗುತ್ತದೆ. ಇದು ತೊಡಕೆಂದು ಕಂಡರೂ ಒಳ್ಳೆಯದೇ, ಏಕೆಂದರೆ ನಿಮ್ಮ ಸ್ವಂತ ಇಮೇಲ್ ತೆರೆದಿರುವ ಬ್ರೌಸರ್ ಏಜೆಂಟಿನ ಕೈಗೆ ಸಿಗಬಾರದು.

ಉಪಕರಣವು ಕೊಂಡಿಯನ್ನು ಹುಡುಕುವ ಬದಲು ಪುಟದ ಡೌನ್‌ಲೋಡ್ ಗುಂಡಿಯನ್ನೇ ಒತ್ತಿ, ಬರುವ ಕಡತವನ್ನು ಹಿಡಿಯಲಿ. ಅನೇಕ ಸೈಟುಗಳಲ್ಲಿ ಕಡತವು ಗುಂಡಿ ಒತ್ತಿದ ಮೇಲೆಯೇ ತಯಾರಾಗುತ್ತದೆ. ಕುಕೀ ಎಂದಿಗೂ ಎಐ ಓದುವ ಪಠ್ಯದೊಳಗೆ ಹೋಗಬಾರದು: ಅದು ಉಪಕರಣದಲ್ಲಿಯೇ ಇದ್ದು, ಏಜೆಂಟಿಗೆ ಕಡತದ ಹೆಸರು ಮತ್ತು ಗಾತ್ರ ಮಾತ್ರ ತಿಳಿದರೆ ಸಾಕು. ಇಳಿಸಿದ್ದನ್ನು ಉಪಕರಣವೇ ಪರೀಕ್ಷಿಸಲಿ. ನಿಜವಾದ ಪಿಡಿಎಫ್ ಶೇಕಡಾ ಚಿಹ್ನೆ ಮತ್ತು ಪಿ, ಡಿ, ಎಫ್ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ, ಇಂದಿನ ಎಕ್ಸೆಲ್ ಕಡತ ಪಿ, ಕೆ ಎಂಬ ಎರಡಕ್ಷರಗಳಿಂದ. ಈ ಒಂದು ತಪಾಸಣೆ ಇದ್ದಿದ್ದರೆ ಆ ಸುಳ್ಳು ಸ್ಟೇಟ್‌ಮೆಂಟ್ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಮುಳ್ಳೇರಿಯದ ನಿವೃತ್ತ ಬ್ಯಾಂಕ್ ನೌಕರ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಪಾಸ್‌ವರ್ಡ್ ಕೊಡದಿದ್ದರೂ, ತೆರೆದ ಬ್ರೌಸರಿನಲ್ಲಿ ಏಜೆಂಟ್ ನಿಮ್ಮ ಹೆಸರಿನಲ್ಲಿ ಏನನ್ನು ಬೇಕಾದರೂ ಒತ್ತಬಲ್ಲದು. ಹಣ ವರ್ಗಾವಣೆಯ ಗುಂಡಿಯೂ ಅದೇ ಪುಟದ ಬದಿಯಲ್ಲಿರುತ್ತದೆ. ಸಂಘದ ಖಾತೆಯಾದರೆ, ವ್ಯವಹಾರ ನಡೆಸಲು ಅಧಿಕಾರವಿಲ್ಲದ, ನೋಡಲು ಮಾತ್ರ ಅನುಮತಿಯುಳ್ಳ ಬಳಕೆದಾರರನ್ನು ಸೇರಿಸುವಂತೆ ಆಡಳಿತ ಮಂಡಳಿಯ ನಿರ್ಣಯದೊಂದಿಗೆ ಶಾಖೆಗೆ ಅರ್ಜಿ ಕೊಡಿಸಿ. ವ್ಯಾಪಾರಿಗಳಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಫೋನಿನಲ್ಲಿ ಒಟಿಪಿ ಕೇಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರಿಂದ ನಡೆಯುತ್ತಿರುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ, ಖಾತೆದಾರರ ಒಪ್ಪಿಗೆಯ ಮೇಲೆ ಮಾಹಿತಿಯು ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಗಳಿಗೆ ನೇರವಾಗಿ ಹೋಗುತ್ತದೆ, ಆದರೆ ನಿಮ್ಮಂತಹ ಸಣ್ಣ ಕಚೇರಿಗೆ ಅದು ನೇರವಾಗಿ ಒದಗುವುದಿಲ್ಲ.

ಮಂಜೇಶ್ವರದ ಪ್ರೋಗ್ರಾಮರ್

ಹಿರಿಯರು ಹೇಳಿದ್ದನ್ನು ನಾನೇ ಮೊದಲು ಬರೆಯಬೇಕಾಗಿತ್ತು. ಏಜೆಂಟಿಗೆ ಇಡೀ ಬ್ರೌಸರನ್ನು ಒಪ್ಪಿಸದೆ, "ಈ ಸೈಟು, ಈ ತಿಂಗಳು, ಈ ಕಡತ" ಎಂದು ಕೇಳಲು ಮಾತ್ರ ಅವಕಾಶವಿರುವ ಒಂದೇ ಆಜ್ಞೆಯನ್ನು ಕೊಡಿ. ಗುಂಡಿ ಯಾವುದೆಂದು ನಿರ್ಧರಿಸುವುದು ನೀವು ಬರೆದಿಟ್ಟ ಪ್ರೋಗ್ರಾಂ ಆಗಿರಲಿ. ಹಾಗೆ ಮಾಡಿದರೆ, ಪುಟದೊಳಗೆ ಯಾರಾದರೂ ಅಡಗಿಸಿಟ್ಟ ಸೂಚನೆಯನ್ನು ಏಜೆಂಟ್ ಓದಿ ದಾರಿ ತಪ್ಪಿದರೂ ಅದರ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಬದಿಯಡ್ಕದ ಲೆಕ್ಕಿಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಬ್ಬ ವ್ಯಾಪಾರಿಯ ಲಿಖಿತ ಒಪ್ಪಿಗೆ ಪಡೆದು, ನಿನ್ನೆ ರಾತ್ರಿ ಅವರ ಜಿಎಸ್‌ಟಿ ಖಾತೆಯಲ್ಲಿ ಪ್ರಯತ್ನಿಸಿದೆ. ಕ್ಯಾಪ್ಚಾ ನಾನೇ ತುಂಬಿಸಿದೆ, ಎಕ್ಸೆಲ್ ಇಳಿಯಿತು, ಮೊದಲ ಎರಡಕ್ಷರ ಪಿ, ಕೆ ಎಂದೇ ಇತ್ತು. ಆದರೆ ಪ್ರೋಗ್ರಾಂ ಮುಗಿದ ಮೇಲೆ ಫೋಲ್ಡರಿನಲ್ಲಿ ಕಡತ ಕಾಣಲಿಲ್ಲ. ಇದೇಕೆ?

ಮಂಜೇಶ್ವರದ ಪ್ರೋಗ್ರಾಮರ್

ಪ್ಲೇರೈಟ್ ಇಳಿಸಿದ್ದನ್ನು ಮೊದಲು ತಾತ್ಕಾಲಿಕ ಜಾಗದಲ್ಲಿಟ್ಟು, ಆ ಬ್ರೌಸರ್ ಸೆಷನ್ ಮುಚ್ಚಿದಾಗ ಅಳಿಸಿಬಿಡುತ್ತದೆ. ಮುಚ್ಚುವ ಮೊದಲು ಕಡತವನ್ನು ಉಳಿಸುವ ಆಜ್ಞೆ ಬೇಕು. ಉಳಿಸುವಾಗ ಹೆಸರಿನಲ್ಲಿ ಜಿಎಸ್‌ಟಿ ಸಂಖ್ಯೆ ಮತ್ತು ತಿಂಗಳನ್ನು ಸೇರಿಸಿ, ಇಲ್ಲವಾದರೆ ಒಬ್ಬರ ಕಡತದ ಮೇಲೆ ಇನ್ನೊಬ್ಬರದು ಬರೆದುಹೋಗುವ ಸಾಧ್ಯತೆಯಿದೆ.