ಪಟ್ಟೆ (ರೇಷ್ಮೆ) ಸೀರೆಗೆ ಹುಳ ಬಿದ್ದಿದೆ, ನುಸಿಗುಳಿಗೆ ಬಿಟ್ಟು ಬೇರೆ ದಾರಿ ಇದೆಯಾ?

ನೀರ್ಚಾಲಿನ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ, ಅಡಿಕೆ ತೋಟದ ಮಧ್ಯೆ. ಮಳೆಗಾಲದಲ್ಲಿ ಒಳಗೆಲ್ಲ ತೇವ. ಅತ್ತೆಯ ಧಾರೆ ಸೀರೆಯನ್ನು ಮೊನ್ನೆ ಕಪಾಟಿನಿಂದ ತೆಗೆದರೆ ಸೆರಗಿನ ಹತ್ತಿರ ಸಣ್ಣ ಸಣ್ಣ ತೂತು. ಪಕ್ಕದಲ್ಲಿದ್ದ ಉಣ್ಣೆ ಶಾಲಿನ ಅಂಚೂ ಹೋಗಿದೆ. ಅದೇ ಕಪಾಟಿನ ಹತ್ತಿ ಸೀರೆಗಳಿಗೆ ಏನೂ ಆಗಿಲ್ಲ. ನಾದಿನಿ ಬಾಣಂತನಕ್ಕೆ ಬರುವವಳಿದ್ದಾಳೆ, ಹಾಗಾಗಿ ನುಸಿಗುಳಿಗೆ ಬೇಡವೇ ಬೇಡ ಅಂತ ಅತ್ತೆ. ಬೇವಿನ ಸೊಪ್ಪು, ಕರ್ಪೂರ, ಲವಂಗ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜವಾಗಿ ಕೆಲಸಕ್ಕೆ ಬರುವುದು ಯಾವುದು?

ಪೆರ್ಲದ ಅಕ್ಕ:

ತಂಗಿ, ನಿಮ್ಮ ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ನುಸಿಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಗುವನ್ನು ಆ ವಾಸನೆ ಹಿಡಿದ ಬಟ್ಟೆಯಲ್ಲಿ ಸುತ್ತಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಯಾವ ಮಗುವಿಗೆ ಆ ಕೊರತೆ ಇದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ ಅಲ್ವಾ? ಕರ್ಪೂರವೂ ಆ ಕೋಣೆಗೆ ಬೇಡ. ಅಂಬೆಗಾಲಿಡುವ ಮಕ್ಕಳು ಅದನ್ನು ನುಂಗಿದರೆ ಫಿಟ್ಸ್ ಬರಬಹುದು.

ಇನ್ನು ಹುಳದ ವಿಷಯ. ಹಾರುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದು ಇಟ್ಟ ಮೊಟ್ಟೆಯಿಂದ ಬರುವ ಬಿಳಿ ಹುಳ ತಿನ್ನುತ್ತದೆ. ಒಂದು ಹೆಣ್ಣು 40-50 ಮೊಟ್ಟೆ ಇಡುತ್ತದೆ. ಹುಳಕ್ಕೆ ಬೇಕಾದದ್ದು ಉಣ್ಣೆ, ರೇಷ್ಮೆ, ಗರಿ, ಕೂದಲು. ಎಲ್ಲ ಪ್ರಾಣಿಗಳಿಂದ ಬಂದದ್ದೇ. ನಿಮ್ಮ ಹತ್ತಿ ಸೀರೆ ಉಳಿದದ್ದು ಅದಕ್ಕೇ. ಆದರೆ ಬೆವರು, ಎಣ್ಣೆ, ಪಾಯಸದ ಕಲೆ ಇದ್ದರೆ ಹತ್ತಿಯನ್ನೂ ಕಚ್ಚುತ್ತದೆ. ಮದುವೆಗೆ ಒಮ್ಮೆ ಉಟ್ಟ ಪಟ್ಟೆ ಸೀರೆಯನ್ನು 'ಕೊಳೆಯಾಗಿಲ್ಲ' ಅಂತ ಹಾಗೇ ಮಡಿಸಿಡುವುದು ನಮ್ಮ ಕಡೆ ಮಾಮೂಲು. ಹುಳ ಮೊದಲು ಹುಡುಕುವುದು ಅಂಥ ಸೀರೆಯನ್ನೇ.

ನಿಮ್ಮ ಮನೆಯ ಗೋಡೆಯನ್ನೂ ಒಮ್ಮೆ ನೋಡಿ. ಬೂದು ಬಣ್ಣದ, ಸೌತೆ ಬೀಜದ ಹಾಗೆ ಚಪ್ಪಟೆಯಾದ ಪುಟ್ಟ ಚೀಲ ಮೆಲ್ಲಗೆ ಹತ್ತುತ್ತಾ ಇರುತ್ತದೆ. ಮರಳು, ಧೂಳನ್ನು ತನ್ನದೇ ನೂಲಿನಲ್ಲಿ ಅಂಟಿಸಿಕೊಂಡು ಹುಳ ಮಾಡಿದ ಮನೆ ಅದು. ಎರಡು ತುದಿಯೂ ತೆರೆದಿರುತ್ತದೆ, ಒಮ್ಮೆ ಈ ಕಡೆಯಿಂದ ತಲೆ ಹಾಕುತ್ತದೆ, ಒಮ್ಮೆ ಆ ಕಡೆಯಿಂದ. ಇದೂ ಅದೇ ಪತಂಗದ ಬಳಗ. ಜೇಡರ ಬಲೆ, ಉದುರಿದ ಕೂದಲು ತಿಂದು ಬದುಕುತ್ತದೆ, ಉಣ್ಣೆ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ. ಹಾಗಾಗಿ ಕಪಾಟಿನ ಹಿಂದೆ, ಕೆಳಗೆ, ಮೂಲೆಗೆ ಕಸಬರಿಕೆ ಹೋಗಲೇಬೇಕು. ಬಲೆ ತೆಗೆಯದೆ ಒಳಗೆ ಎಷ್ಟು ಸೊಪ್ಪು ಇಟ್ಟರೂ ಸುಮ್ನೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಕಪಾಟು ಪೂರ್ತಿ ಖಾಲಿ ಮಾಡಿ, ಸಂದಿಗಳನ್ನು ಒರೆಸಿ ಒಣಗಲು ಬಿಡಿ. ಸೀರೆಯನ್ನು ಬಿಡಿಸಿ, ಜಗಲಿಯ ನೆರಳಲ್ಲಿ ಗಾಳಿಗೆ ಹಾಕಿ, ಫಾಲ್ಸ್ ಮತ್ತು ಅಂಚಿನ ಮಡಿಕೆಯನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಇರುವುದೇ ಅಲ್ಲಿ. ಪಟ್ಟೆಯನ್ನು ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡಿ. ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲದ ತಂಪು ಪೂರ್ತಿ ಬಿಡುವವರೆಗೆ ಬಾಯಿ ಬಿಚ್ಚಬೇಡಿ, ಇಲ್ಲದಿದ್ದರೆ ಜರಿಯ ಮೇಲೆ ನೀರು ಕೂರುತ್ತದೆ.

ಸೊಪ್ಪು, ಬೇರಿನ ಸರದಿ ಇದೆಲ್ಲ ಆದ ಮೇಲೆ. ಅವು ಪತಂಗವನ್ನು ಸ್ವಲ್ಪ ದೂರ ಇಡುತ್ತವೆ, ಒಳಗೆ ಇರುವ ಹುಳವನ್ನು ಕೊಲ್ಲುವುದಿಲ್ಲ. ನಾನು ಇಡುವುದು ಬಜೆ ಮತ್ತು ಲಾವಂಚದ ಬೇರು. ಎರಡೂ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತವೆ. ಬಜೆಯನ್ನು ಜಜ್ಜಿದರೆ ಘಾಟು ಚೆನ್ನಾಗಿ ಬಿಡುತ್ತದೆ. ಹಳೆ ಬೈರಾಸಿನ ತುಂಡಿನಲ್ಲಿ ಕಟ್ಟಿ ಮೂಲೆಯಲ್ಲಿಡಿ, ಸೀರೆಗೆ ತಾಗಿಸಬೇಡಿ. ಕಹಿಬೇವಿನ ಸೊಪ್ಪಾದರೆ ನೆರಳಲ್ಲಿ ಗರಿಗರಿ ಒಣಗಿದ್ದೇ ಆಗಬೇಕು. ಹಸಿ ಇಟ್ಟರೆ ಬೂಸ್ಟು ಬರುತ್ತದೆ, ಕಲೆಯೂ ಆಗುತ್ತದೆ. ವಾಸನೆ ಇಳಿದರೆ ಬದಲಿಸಿ.

ವೇಷದ ಪೆಟ್ಟಿಗೆ:

ಅಕ್ಕ ಹೇಳಿದ್ದು ಸರಿ. ನಾನು ಬಾಯಾರು ಕಡೆಯವನು, ನಮ್ಮ ಸಂಘದ ಯಕ್ಷಗಾನ ವೇಷಭೂಷಣ ನೋಡಿಕೊಳ್ಳುತ್ತೇನೆ. ಪತ್ತನಾಜೆ (ಮೇ ಕೊನೆಗೆ ಆಟಗಳು ನಿಲ್ಲುವ ದಿನ) ಕಳೆದ ಮೇಲೆ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಕತ್ತಲೆ, ಬೆವರು, ಯಾರೂ ಮುಟ್ಟದ ಜಾಗ, ಹುಳಕ್ಕೆ ಇನ್ನೇನು ಬೇಕು? ಹೆಚ್ಚು ಪೆಟ್ಟು ಬೀಳುವುದು ಉಣ್ಣೆ ಗೊಂಡೆಗಳಿಗೆ. ದಗಲೆಯನ್ನು (ವೇಷದ ಅಂಗಿ) ಒಳಮೈ ಹೊರಗೆ ಮಾಡಿ ಒಣಗಿಸದೆ ನಾವು ಪೆಟ್ಟಿಗೆಗೆ ಹಾಕುವುದೇ ಇಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಬಿಟ್ಟ ದಿನ ಒಮ್ಮೆ, ಅದರ ಮುಂದಿನ ಸೋಣ ತಿಂಗಳ ಬಿಸಿಲಿಗೆ ಇನ್ನೊಮ್ಮೆ ಎಲ್ಲವನ್ನೂ ಕೊಡವಿ ಇಡುತ್ತೇವೆ.

ಕಂಬಳಿ, ಶಾಲಿಗೆ ಇನ್ನೊಂದು ಉಪಾಯ ಇದೆ. ಅಡಿಕೆ ಒಣಗಿಸುವ ಸೋಲಾರ್ ಗೂಡು ಇದ್ದರೆ ಬೇಸಿಗೆಯಲ್ಲಿ ಒಳಗೆ ಹರಡಿ. 50 ಡಿಗ್ರಿ ದಾಟಿದ ಬಿಸಿ ಒಂದೆರಡು ಗಂಟೆ ನಿಂತರೆ ಮೊಟ್ಟೆಯೂ ಉಳಿಯುವುದಿಲ್ಲ. ಮಡಿಸಿ ಹಾಕಬೇಡಿ, ಬಿಸಿ ಒಳಗೆ ಹೋಗುವುದಿಲ್ಲ. ಜರಿ, ಪಟ್ಟೆ ಅಲ್ಲಿಗೆ ಬೇಡ.

ನೀರ್ಚಾಲಿನ ಸೊಸೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗೋಡೆ ಮೇಲಿನ ಆ ಚೀಲ ನಮ್ಮಲ್ಲಿ ಬೇಕಾದಷ್ಟಿದೆ, ಕಪಾಟಿನ ಹಿಂದೆಯೂ ಸಿಕ್ಕಿತು! ಇನ್ನೊಂದು ಪ್ರಶ್ನೆ. ಕಾಸರಗೋಡು ಕೈಮಗ್ಗದ ಹತ್ತಿ ಸೀರೆ ಎರಡಿವೆ, ಗಂಜಿ ಹಾಕಿದ್ದು. ಅದಕ್ಕೂ ಬಜೆ ಸಾಕಾ?

ಪೆರ್ಲದ ಅಕ್ಕ:

ಅದಕ್ಕೆ ಬರುವುದು ಬೇರೆ ಹುಳ ತಂಗಿ. ಹಳೆ ಪುಸ್ತಕದಲ್ಲಿ ಸರ್ರನೆ ಓಡುವ ಬೆಳ್ಳಿ ಬಣ್ಣದ್ದು. ಅದಕ್ಕೆ ಗಂಜಿ ಎಂದರೆ ಪ್ರಾಣ, ತೇವ ಇದ್ದರೆ ಇನ್ನೂ ಜಾಸ್ತಿ. ಮಳೆಗಾಲಕ್ಕೆ ಮೊದಲು ಒಗೆದು, ಗಂಜಿ ಹಾಕದೆ, ಚೆನ್ನಾಗಿ ಒಣಗಿಸಿ ಇಡಿ. ಉಡುವ ಮುಂಚೆ ಗಂಜಿ ಹಾಕಿದರಾಯಿತು. ಪಟ್ಟೆ ಸೀರೆಯನ್ನು ಬಿಳಿ ಹತ್ತಿ ಮುಂಡಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಪ್ರತಿ ಸಲ ತೆಗೆದಾಗ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ಇದ್ದರೆ ಜರಿ ಅಲ್ಲೇ ಮುರಿಯುತ್ತದೆ. ತೂತಾದ ಜಾಗವನ್ನು ಫ್ರೀಜರ್‌ನಿಂದ ತೆಗೆದ ಮೇಲೆ ರಫೂ ಮಾಡುವವರಿಗೆ ತೋರಿಸಿ. ಸೆರಗಿನ ಒಳಗಿಂದಲೇ ನೂಲು ತೆಗೆದು ಹೊಲಿಯಲು ಹೇಳಿ, ಬಣ್ಣ ಹೊಂದುತ್ತದೆ.